ತಾತನ ಒಪ್ಪಿಗೆ

"ದರಿದ್ರ!" ಎಂದು ತಾತ ಕಿಟಕಿ ಪಕ್ಕದ ಕುರ್ಚಿಯಿಂದಲೇ ಸ್ವಾಗತಿಸಿದರು. ಮೊದಲ ಸಲ ಆ ಮನೆಗೆ ಬಂದ ಪ್ರೊಫೆಸರ್ ಮೇಡಂ ಹೊಸ್ತಿಲಲ್ಲೇ ನಿಂತುಬಿಟ್ಟರು. ಮೊಮ್ಮಗಳು ನಾಲಿಗೆ ಕಚ್ಚಿಕೊಂಡು, "ಬನ್ನಿ, ಕೂತ್ಕೊಳ್ಳಿ ಅಂತಿದಾರೆ ಮೇಡಂ" ಎಂದಳು. ಅಡುಗೆಮನೆಯಲ್ಲಿ ಅವಳಮ್ಮ, ಅಂದರೆ ತಾತನ ಮಗಳು, "ಬಂದವರ ಮುಂದೆ ಮಾನ ಹರಾಜು" ಎಂದು ಗೊಣಗಿದ್ದು ಹಜಾರದವರೆಗೂ ಕೇಳಿಸಿತು.

ತಾತ ರೈಲ್ವೆ ನಿಲ್ದಾಣದ ಅನೌನ್ಸರ್ ಆಗಿದ್ದವರು. ಅವರ ದನಿ ಕೇಳಿದರೆ ಸಾಕು, ಊರಿಗೆ ಊರೇ ಗಂಟುಮೂಟೆ ಎತ್ತಿಕೊಳ್ಳುತ್ತಿತ್ತು. ಬಾಯಿ ತಪ್ಪಿಯೂ ಒಂದು ಕೆಟ್ಟ ಮಾತು ಆಡಿದವರಲ್ಲ, ಪಾಪ. ಹಣೆಬರಹ ನೋಡಿ, ಲಕ್ವ ಹೊಡೆದಾಗ ಇದ್ದಬದ್ದ ಮಾತೆಲ್ಲ ಗುಡಿಸಿಕೊಂಡು ಹೋಗಿ ಇದೊಂದೇ ಉಳಿಯಿತು. ಹಸಿವಾದರೂ ದರಿದ್ರ, ಫ್ಯಾನ್ ಹಾಕು ಎನ್ನಲೂ ದರಿದ್ರ, ಪಕ್ಕದ ಮನೆಯವರು ಮಗಳ ಮದುವೆಗೆ ಕರೆಯಲು ಬಂದರೂ ದರಿದ್ರ! ಆಮೇಲೆ ಅವರು ಈ ಕಡೆ ತಲೆ ಹಾಕಲಿಲ್ಲ. ತಲೆಯಾಡಿಸಿ ಹೇಳೋಣವೆಂದರೆ ಅದೂ ಎಡವಟ್ಟು. ಹೌದೆನ್ನಲು ಹೋಗಿ ಅಡ್ಡಡ್ಡ ಆಡಿಸುತ್ತಿದ್ದರು.

ಮೊಮ್ಮಗಳಿಗೆ ಮಾತ್ರ ಒಂದೊಂದು ದರಿದ್ರವೂ ಬೇರೆ ಬೇರೆ ಕೇಳಿಸುತ್ತಿತ್ತು. ಮನಃಶಾಸ್ತ್ರದ ಆನರ್ಸ್ ಓದುತ್ತಿದ್ದ ಅವಳು ತನ್ನ ಸಂಶೋಧನೆಗೆ ಅದನ್ನೇ ಹಿಡಿದಳು. ತಾತ ಬೇರೆ ಬೇರೆ ಹೊತ್ತಿನಲ್ಲಿ ಆಡಿದ ಆ ಒಂದು ಪದವನ್ನು ರೆಕಾರ್ಡ್ ಮಾಡುವುದು, ಗುರುತಿಲ್ಲದವರಿಗೆ ಕೇಳಿಸುವುದು, ಬರೀ ದನಿಯಿಂದ ಅರ್ಥ ಹಿಡಿಯುತ್ತಾರೋ ನೋಡುವುದು. ಮೇಡಂ ಮೂಗು ಮುರಿದಿದ್ದರು. "ಪ್ರೀತಿ ಇರೋರ ಕಿವಿಗೆ ಏನು ಬೇಕಾದ್ರೂ ಕೇಳ್ಸತ್ತೆ ಕಣೇ. ಹೊರಗಿನವರಿಗೆ ಬೈಗುಳ ಬೈಗುಳವೇ. ಅದೂ ಅಲ್ದೆ ಅವರ ಒಪ್ಪಿಗೆ ಬೇಕು. ಅವರ ಪರವಾಗಿ ನೀನು ಹೂಂ ಅನ್ನೋ ಹಾಗಿಲ್ಲ. ನಾನೇ ಬಂದು ಕೇಳ್ತೀನಿ." ವಿಷಯ ಕೊಡಲು ಇವತ್ತೇ ಕೊನೆ. ಇದು ಕೈತಪ್ಪಿದರೆ ಉಳಿದಿದ್ದು ವಿದ್ಯಾರ್ಥಿಗಳ ಮೊಬೈಲ್ ಬಳಕೆ. ಹಿಂದಿನವರೆಲ್ಲ ಅಗಿದು ಬಿಟ್ಟ ಆ ಕಬ್ಬಿನ ಸಿಪ್ಪೆಯನ್ನು ವರ್ಷವಿಡೀ ಅಗಿಯಬೇಕಲ್ಲ ಎಂದು ಹುಡುಗಿಗೆ ರಾತ್ರಿ ನಿದ್ದೆ ಬಂದಿರಲಿಲ್ಲ.

ಮೇಡಂ ಸ್ಟೂಲನ್ನು ತಾತನ ಹತ್ತಿರಕ್ಕೆ ಎಳೆದುಕೊಂಡರು. ಬಂದವರೆಲ್ಲ ತಾತ ಕಿವುಡರೇನೋ ಎಂಬಂತೆ ಕಿರುಚುತ್ತಿದ್ದರು, ಇವರು ಕಿರುಚಲಿಲ್ಲ. "ಸರ್, ನಿಮ್ಮ ಮೊಮ್ಮಗಳು ನಿಮ್ಮ ಮಾತು ರೆಕಾರ್ಡ್ ಮಾಡಿ ಬೇರೆಯವರಿಗೆ ಕೇಳಿಸ್ಬೇಕು ಅಂತಿದಾಳೆ. ನಿಮ್ಮ ಹೆಸರು ಎಲ್ಲೂ ಬರಲ್ಲ. ಆಗಬಹುದಾ? ಬೇಡ ಅಂದ್ರೂ ಯಾರೂ ಬೇಜಾರು ಮಾಡ್ಕೊಳಲ್ಲ."

ತಾತ ಮೊಮ್ಮಗಳನ್ನು ನೋಡಿದರು. ಅವಳ ಕೈಯಲ್ಲಿ ಸಿದ್ಧವಾಗಿದ್ದ ಮೊಬೈಲನ್ನು ನೋಡಿದರು. ಸ್ವಾಧೀನವಿದ್ದ ಕೈಯಿಂದ ಅಂಗಿಯ ಕಾಲರನ್ನು ನಿಧಾನವಾಗಿ ಸರಿಮಾಡಿಕೊಂಡು, "ದರಿದ್ರ" ಎಂದರು. ಕೋಪವಿರಲಿಲ್ಲ ಅದರಲ್ಲಿ. ದನಿ ತಗ್ಗಿತ್ತು, ಕೊನೆಯಲ್ಲಿ ಒಂಚೂರು ನಡುಗಿತು. ಹುಡುಗಿ ಮೊಬೈಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಹುಟ್ಟಿದಾಗಿನಿಂದ ಅವಳು ಕೇಳಿದ್ದಕ್ಕೆ ತಾತ ಒಮ್ಮೆಯೂ ಬೇಡ ಎಂದಿರಲಿಲ್ಲ.

"ಒಪ್ಕೊಂಡ್ರು ಮೇಡಂ!" ಎಂದುಬಿಟ್ಟಳು.

ಮೇಡಂ ಅವಳ ಕಡೆ ತಿರುಗಲೇ ಇಲ್ಲ. ತಾತನ ಮುಖವನ್ನೇ ನೋಡುತ್ತಾ, "ಇಲ್ಲಮ್ಮ. ಹೆಸರು ಮುಚ್ಚಿಡಬಹುದು, ಈ ದನೀನ ಹೇಗೆ ಮುಚ್ಚಿಡ್ತೀರಿ ಅಂತಿದಾರೆ. ಊರೆಲ್ಲ ಬಲ್ಲ ದನೀಲಿ ಈ ಮಾತು ಕೇಳಿಸ್ಬೇಡಿ ಅಂತಿದಾರೆ" ಎಂದರು.

ತಾತ ಕಣ್ಣು ಮುಚ್ಚಿಕೊಂಡು, ಭಾರ ಇಳಿಸಿದವರಂತೆ ಉಸಿರು ಬಿಟ್ಟರು.

ಹುಡುಗಿ ಬಿಟ್ಟ ಬಾಯಿ ಬಿಟ್ಟಂತೆಯೇ ಕೂತಿದ್ದಳು. "ಅಷ್ಟೂ... ಅಷ್ಟೂ ನಿಮಗೆ ಹೇಗೆ ಗೊತ್ತಾಯ್ತು ಮೇಡಂ?"

"ಹೇಗೆ ಅಂದ್ರೆ? ಅವರೇ ಹೇಳಿದ್ರಲ್ಲ..." ಎಂದ ಮೇಡಂ ಅಲ್ಲಿಗೇ ಮಾತು ನಿಲ್ಲಿಸಿದರು. ತಾವು ಆಡಿದ್ದು ತಮಗೇ ಆಗ ಕೇಳಿಸಿದಂತಿತ್ತು. ತೋಳಿನ ಮೇಲೆ ಎದ್ದ ರೋಮಾಂಚನವನ್ನು ಅಂಗೈಯಿಂದ ಸವರಿಕೊಂಡರು. ಮೂವತ್ತು ವರ್ಷ ಪಾಠ ಹೇಳಿದ ಹೆಂಗಸು ಮೊದಲ ದಿನ ಕ್ಲಾಸಿಗೆ ಬಂದ ಮಗುವಿನ ಹಾಗೆ ಕಣ್ಣರಳಿಸಿ ಕೂತರು. ಹುಡುಗಿಯ ಕಡೆ ತಿರುಗಿ, "ನೀನು ಗೆದ್ದೆ ಕಣೇ. ಆದ್ರೆ ಇದನ್ನ ಎಲ್ಲೂ ಬರೆಯೋ ಹಾಗಿಲ್ಲ" ಎಂದರು.

ಹುಡುಗಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಮೊಬೈಲನ್ನು ದೂರ ತಳ್ಳಿ ತಾತನ ಮಂಡಿಗೆ ಹಣೆಯಿಟ್ಟು, "ತಪ್ಪಾಯ್ತು ತಾತ, ಸುಳ್ಳು ಹೇಳ್ಬಿಟ್ಟೆ" ಎಂದಳು. ತಾತ ಅವಳ ತಲೆ ಸವರಿ, "ದರಿದ್ರ" ಎಂದರು. ಅದರ ಅರ್ಥವನ್ನು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಬಂದು ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ, ಕೈಲಿದ್ದ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವಳು ಮೇಡಂ ಕಡೆ ನೋಡಲಿಲ್ಲ, ಮಗಳ ಕಡೆಯೂ ನೋಡಲಿಲ್ಲ.

"ಅಪ್ಪಾ," ಎಂದಳು, "ಇಷ್ಟು ದಿನ ನನ್ನ ಹತ್ರ ಏನೇನೆಲ್ಲ ಹೇಳಿದ್ಯಪ್ಪಾ?"