ಅಜ್ಜಿಯ ಸೋಬಾನೆಗೆ ಬ್ಯಾಂಡು

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ತಿಕ್ಕುವಾಗ ಆ ವಾಸನೆಗೆ ಈಗಲೂ ಚಿಕ್ಕಪ್ಪನ ಬ್ಯಾಂಡು ನೆನಪಾಗುತ್ತದೆ. ಅದರ ಟ್ರಂಪೆಟ್‌ಗಳನ್ನು ತಿಕ್ಕುತ್ತಿದ್ದವಳು ನಾನೇ.

ತಿಪಟೂರಿನ ಆ ಬ್ಯಾಂಡಿನಲ್ಲಿ ಚಿಕ್ಕಪ್ಪ ಕೀಬೋರ್ಡ್ ನುಡಿಸುತ್ತಿದ್ದ. ಹನ್ನೆರಡು ಜನಕ್ಕೂ ಸ್ವರ ಬರೆದುಕೊಡುತ್ತಿದ್ದವನು ಅವನೇ. ಅಜ್ಜಿಗೆ ಮಾತ್ರ ಅದೆಲ್ಲ ಬರೀ ಗದ್ದಲ. ಅದಕ್ಕೇ ಅತ್ತೆಯ ಮದುವೆಗೆ ಅವನು ಅಜ್ಜಿಯ ಸೋಬಾನೆ ಹಾಡನ್ನೇ ಗುಟ್ಟಾಗಿ ಬ್ಯಾಂಡಿಗೆ ಹೊಂದಿಸಿದ.

ಚಪ್ಪರದಲ್ಲಿ ಎಲೆ ಹಾಕುವ ಹೊತ್ತಿಗೆ ಕ್ಲಾರಿನೆಟ್ ಆ ಹಾಡು ಎತ್ತಿಕೊಂಡಿತು. ಅಜ್ಜಿ ದಡದಡ ಎದ್ದು ಬಂದಳು. ಚಿಕ್ಕಪ್ಪನ ಬೆರಳು ನಿಂತುಹೋದವು.

"ಮೂರನೇ ಸಾಲು ತಪ್ಪು ಕಣ್ಲಾ. ಅಲ್ಲಿ ಎಳೀಬೇಕು."

"ಹೆಂಗವ್ವ? ನೀನೇ ಹೇಳ್ಕೊಡು."

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಹಾಡಿದಳು. ಹನ್ನೆರಡು ಜನವೂ ಅವಳ ಹಿಂದೆಯೇ ನುಡಿಸಿದರು. ಹಸಿದ ಬೀಗರು ಖಾಲಿ ಎಲೆಯ ಮುಂದೆ ಕೂತೇ ತಾಳ ಹಾಕಿದರು.

"ಇನ್ನೊಂದ್ಸಲ ನುಡಿಸ್ರಪ್ಪಾ," ಅಂದಳು ಅಜ್ಜಿ, "ಅನ್ನ ಎಲ್ಲೂ ಓಡಿ ಹೋಗಕ್ಕಿಲ್ಲ."