ತುಂಬಿದ ಗ್ಲಾಸು

ಮೂರನೆಯ ಏಟು ವೇಟರ್ ರಫೀಯ ಕಿವಿಯ ಮೇಲೆ ಬಿತ್ತು. ಬಿಳಿ ಅಂಗಿಯ ಕಾಲರಿಗೆ ರಕ್ತ ಇಳಿಯಿತು.

ಹಾಲೇಶ ಸ್ಟೋರ್ ರೂಮಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ಐವರು ವೇಟರುಗಳು ಅಕ್ಕಿ ಚೀಲಗಳಿಗೆ ಬೆನ್ನು ಹಚ್ಚಿ ಸಾಲಾಗಿ ನಿಂತಿದ್ದರು. ಎದುರಿಗೆ ಮದುಮಗಳ ಅಣ್ಣ ಶರಣಕುಮಾರ, ರೇಷ್ಮೆ ಜುಬ್ಬಾದ ತೋಳು ಮೇಲೆ ಮಡಚಿ. ಬಾಗಿಲಿನ ಬಳಿ ಅವನ ಕಾಕಾ ಅಂದಪ್ಪ, ಕೈಯಲ್ಲಿ ಶಾಮಿಯಾನದ ಕಬ್ಬಿಣದ ಗೂಟ.

"ಬರ್ರಿ ಕ್ಯಾಪ್ಟನ್," ಎಂದ ಶರಣಕುಮಾರ. "ನಿಮ್ಮನ್ನ ಹುಡುಕಾಕ್ಹತ್ತಿದ್ವಿ."

ಕೊಪ್ಪಳದ ಈ ಹೋಟೆಲಿನಲ್ಲಿ ವೇಟರುಗಳಿಗೂ ಔತಣದ ಹಾಲ್‌ಗೂ ಹಾಲೇಶನೇ ಹೊಣೆ. ಆ ಹೊಣೆಯಲ್ಲಿ ಎಲ್ಲಿ ಏನು ತಪ್ಪುತ್ತದೋ ಎಂದು ಆರು ವರ್ಷದಿಂದ ದಿನವೂ ಹೆದರುತ್ತಲೇ ಬಂದಿದ್ದ.

"ಏನಾತ್ರಿ ಸಾಹುಕಾರ್ರ?"

"ನಮ್ಮ ತಂಗಿ ಐಶ್ವರ್ಯನ ಹಿಂದ ಒಬ್ಬಾವ ಬಿದ್ದಾನ. ವೇಟರ್ ಬಟ್ಟಿ ಹಾಕ್ಕೊಂಡು ಇಲ್ಲೇ ಅದಾನಂತ. ವೈನ್ ಹಂಚೂ ಗದ್ದಲದಾಗ ಅಕಿನ್ನ ಹಿಂದಿನ ಬಾಗಲದಿಂದ ಕರಕೊಂಡು ಹೊಕ್ಕಾನಂತ. ಅಕಿಗೂ ಮನಸ್ಸೈತಂತ. ಈಗ ಫೋನ್ ಬಂತು. ಅವನ ಹೆಸರು ಗೊತ್ತಿಲ್ಲ, ಮಾರಿ ನಾವ್ಯಾರೂ ನೋಡಿಲ್ಲ."

"ಸಿಕ್ಕಾವ ಇಲ್ಲಿಂದ ಜೀವಂತ ಹೋಗೂದಿಲ್ಲ," ಎಂದ ಅಂದಪ್ಪ, ಸಂತೆಯ ದರ ಹೇಳುವವನ ಹಾಗೆ ತಣ್ಣಗೆ.

ಅಕ್ಕಿಕಾಳು, ತಾಳಿ ಕಟ್ಟುವ ಮುಹೂರ್ತ, ನಾಳೆ ಮುಂಜಾನೆ. ಇವತ್ತು ಮಧ್ಯಾಹ್ನ ಆರತಕ್ಷತೆ. ಗಂಡಿನವರು ಕುಷ್ಟಗಿ ಕಡೆಯ ದ್ರಾಕ್ಷಿ ಬೆಳೆಗಾರರು. ತಮ್ಮ ತೋಟದ ಹಣ್ಣಿನಿಂದಲೇ ಆದ ವೈನನ್ನು ದೊಡ್ಡ ಹೋಟೆಲಿನ ರೀತಿಯಲ್ಲಿ ಹಂಚಬೇಕೆಂದು ಹಟ ಹಿಡಿದಿದ್ದರು. ಆ ರೀತಿ ಬಲ್ಲವನು ಇಲ್ಲಿ ಹಾಲೇಶನೊಬ್ಬನೇ. ಸಂಜೆ ತರಗತಿಗೆ ಹೋಗಿ ಕಲಿತಿದ್ದ. ರಜೆಯಿದ್ದರೂ ಈ ಮದುವೆಗೆ ತಾನೇ ಕೇಳಿ ಡ್ಯೂಟಿ ಹಾಕಿಸಿಕೊಂಡಿದ್ದ. ಈಗ ಅನ್ನಿಸಿತು, ಹಾಕಿಸಿಕೊಳ್ಳಬಾರದಿತ್ತೇನೋ.

"ಹಿಂದಿನ ಬಾಗಲಾ ಹಾಕೇತೇನ್ರಿ ಕ್ಯಾಪ್ಟನ್?" ಎಂದ ಶರಣಕುಮಾರ.

"ಕೀಲಿ ನನ್ನ ಕಡೇನ ಐತ್ರಿ," ಎಂದ ಹಾಲೇಶ.

"ಛಲೋ ಆತು. ನಿಮ್ಮ ಕಡೇನ ಇರಲಿ."

ಅಂದಪ್ಪ ಗೂಟ ಎತ್ತಿ ರಫೀಯ ಮೊಣಕಾಲಿಗೆ ಗುರಿ ಹಿಡಿದ. ಹಾಲೇಶ ಅಡ್ಡ ಬಂದ. "ತಡೀರಿ. ವೇಷ ಹಾಕ್ಕೊಂಡು ಬಂದಾವಗ ಕೆಲಸ ಬರೂದಿಲ್ಲ. ಒಬ್ಬೊಬ್ಬರ ಕೈಯಾಗ ಬಾಟ್ಲಿ ಕೊಟ್ಟು ನೋಡ್ರಿ. ನನ್ನ ಮಂದಿಗೆ ಬರತೈತಿ."

ಶರಣಕುಮಾರ ಅವನನ್ನೇ ನೋಡಿದ. ನಕ್ಕ. "ಶಾಣ್ಯಾ ಅದೀರಿ. ನೀವ ಪರೀಕ್ಷಾ ಮಾಡ್ರಿ."

ರೀತಿ ಇಷ್ಟು. ಬಾಟಲಿಯ ಮೇಲಿನ ಚೀಟಿ ಔತಣದ ಯಜಮಾನನ ಕಣ್ಣಿಗೆ ಕಾಣುವಂತೆ ಹಿಡಿಯಬೇಕು. ಬಿರಡೆ ಸದ್ದಾಗದೆ ಬರಬೇಕು. ರುಚಿಗೆ ಒಂದು ಗುಟುಕು ಸುರಿದು ಅವನ ತಲೆಯಾಡುವವರೆಗೆ ಕಾಯಬೇಕು. ಆಮೇಲೆ ಬಲಗಡೆಯಿಂದ, ಗ್ಲಾಸಿನ ಮೂರನೆಯ ಒಂದು ಪಾಲು.

"ಮೂರನೇ ಒಂದು ಪಾಲಾ?" ಎಂದ ಅಂದಪ್ಪ. "ಬೀಗರಿಗೆ ಕೊಡೂದೋ, ಗುಡಿಯಾಗ ತೀರ್ಥ ಕೊಡೂದೋ?"

ಮೊದಲು ರಫೀ. ಕಿವಿಯಿಂದ ರಕ್ತ ಸೋರುತ್ತಿದ್ದರೂ ಒಂದು ಹನಿ ವೈನ್ ಹೊರಗೆ ಚೆಲ್ಲಲಿಲ್ಲ. ಎರಡನೆಯವನೂ ಗೆದ್ದ. ಮೂರನೆಯವನೂ, ನಾಲ್ಕನೆಯವನೂ. ಹಾಲೇಶ ಉಸಿರು ಬಿಟ್ಟ.

ಐದನೆಯವನು ದ್ಯಾಮಣ್ಣ. ಮಂದಿ ಸಾಲದೆಂದು ಕುಕನೂರಿನಿಂದ ಇವತ್ತೊಂದು ದಿನಕ್ಕೆ ಕರೆಸಿದ ಆಳು. ಅವನನ್ನು ಹಾಲೇಶ ಲೆಕ್ಕಕ್ಕೇ ಹಿಡಿದಿರಲಿಲ್ಲ.

ದ್ಯಾಮಣ್ಣ ಬಿರಡೆಯನ್ನು ಅರ್ಧ ತಿರುಪಿ, ಉಳಿದದ್ದನ್ನು ಹಲ್ಲಿನಿಂದ ಎಳೆದ. ಎಡಗಡೆ ನಿಂತು, ಮಜ್ಜಿಗೆ ಬಡಿಸುವವನ ಹಾಗೆ ಧಾರೆ ಬಿಟ್ಟ. ಗ್ಲಾಸು ಕಂಠದವರೆಗೆ ತುಂಬಿತು.

"ಯಾಕೋ ತುಂಬಿಸಿದಿ?" ಎಂದ ಶರಣಕುಮಾರ.

"ಬೀಗರ ಗ್ಲಾಸ್ ಅರ್ಧಾ ಇಟ್ಟರ ಅವಮಾನ ಆಕ್ಕೈತಲ್ರಿ."

ಶರಣಕುಮಾರ ಆ ಗ್ಲಾಸನ್ನು ಎತ್ತಿ ಅವನ ಮುಖದ ಮೇಲೆಯೇ ಒಡೆದ.

ಆಮೇಲೆ ಮಾತಿರಲಿಲ್ಲ. ಗೂಟ ಬೆನ್ನಿಗೆ ಬಿತ್ತು, ಪಕ್ಕೆಗೆ ಬಿತ್ತು. ದ್ಯಾಮಣ್ಣ ನೆಲಕ್ಕೆ ಉರುಳಿದ. ಅವನ ಬಲಗೈಯ ಮೇಲೆ ಅಂದಪ್ಪನ ಬೂಟು ಏರಿ ತಿರುಗಿತು. ಬೆರಳು ಮುರಿದ ಸದ್ದು ಹಾಲೇಶನಿಗೆ ಸ್ಪಷ್ಟವಾಗಿ ಕೇಳಿಸಿತು. ಮೇಲಿನ ಹಾಲ್‌ನಲ್ಲಿ ಶಹನಾಯಿ ನುಡಿಯುತ್ತಲೇ ಇತ್ತು.

"ನಂದು ಲಗ್ನಾ ಆಗೇತ್ರಿ ಯಪ್ಪಾ," ದ್ಯಾಮಣ್ಣನ ಬಾಯಲ್ಲಿ ಗಾಜು, ರಕ್ತ. "ಹೆಂಡ್ತಿ ಮಾಳವ್ವ ಅಂತ. ಫೋನ್ ಹಚ್ಚಿ ಕೇಳ್ರಿ. ನಿಮ್ಮ ತಂಗೀನ್ನ ನಾ ನೋಡೇ ಇಲ್ಲ."

"ಸುಳ್ಳೂ ಛಲೋ ಕಲ್ತು ಬಂದಾನ," ಎಂದ ಅಂದಪ್ಪ.

ಪರೀಕ್ಷೆಯ ಮಾತು ತೆಗೆದವನು ತಾನು, ಎಂದುಕೊಂಡ ಹಾಲೇಶ. ಈಗ ಸುಮ್ಮನೆ ನಿಂತರೆ ಈ ಮನುಷ್ಯ ಸಾಯುತ್ತಾನೆ. ಬಾಯಿ ತೆರೆದರೆ? ಅವನು ಕೈಗವಸಿನಿಂದ ಹಣೆ ಒರೆಸಿಕೊಂಡ. ಬಾಗಿಲು ಎರಡೇ ಹೆಜ್ಜೆ ದೂರದಲ್ಲಿತ್ತು. ಅವನನ್ನು ಯಾರೂ ತಡೆಯುತ್ತಿರಲಿಲ್ಲ.

ಶರಣಕುಮಾರ ಬಾಟಲಿಯನ್ನು ಗೋಡೆಗೆ ಅಪ್ಪಳಿಸಿದ. ಕೆಂಪು ವೈನು ಅಕ್ಕಿ ಚೀಲಗಳ ಮೇಲೆ ಇಳಿಯಿತು. ಮುರಿದ ಬಾಟಲಿ ಹಿಡಿದು ದ್ಯಾಮಣ್ಣನ ಎದೆಯ ಮೇಲೆ ಮೊಣಕಾಲೂರಿದ. ಗಾಜಿನ ಚೂಪು ಕುತ್ತಿಗೆಯ ಚರ್ಮ ಕೊರೆಯಿತು.

"ಅವ ಅಲ್ರಿ," ಎಂದ ಹಾಲೇಶ.

"ಸುಮ್ನಿರ್ರಿ ಕ್ಯಾಪ್ಟನ್. ನಿಮ್ಮ ಕೆಲಸ ಮುಗೀತು. ಮ್ಯಾಲ ಹೋಗಿ ಮಂದೀನ್ನ ನೋಡ್ಕೋರಿ."

"ಖರೇನ ಅವ ಅಲ್ರಿ. ಬಿಡ್ರಿ ಅವನ್ನ."

ಶರಣಕುಮಾರ ತಲೆ ಎತ್ತಿದ. ಗಾಜು ಮಾತ್ರ ಕುತ್ತಿಗೆಯಿಂದ ಕದಲಲಿಲ್ಲ. "ಅಲ್ಲಂತ ನಿಮಗ ಹೆಂಗ ಗೊತ್ತು?"

ಹಾಲೇಶ ಬಾಗಿಲಿನ ಕಡೆ ಒಮ್ಮೆ ನೋಡಿದ. ಕೋಟು ಬಿಚ್ಚಿ ಅಕ್ಕಿ ಚೀಲದ ಮೇಲಿಟ್ಟ.

"ಯಾಕಂದ್ರ, ಐಶ್ವರ್ಯನ್ನ ಕರಕೊಂಡು ಹೋಗಾಂವ ನಾನ್ರಿ."