ಬಚ್ಚಲೊಲೆಯ ಬೂದಿ

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡುತ್ತ ಬಂದೆ. ಮೊನ್ನೆ ಮೊಮ್ಮಗಳು ಶಿರಸಿಯಿಂದ ಬೆಕ್ಕಿನಮರಿ ಹೇಸಿಗೆ ಮಾಡಲೆಂದು ಮರಳಿನ ಪೊಟ್ಟಣ ತಂದು ತಟ್ಟೆಗೆ ಸುರಿದಾಗ, ಬೂದಿಯಂಥ ಆ ಧೂಳಿನ ವಾಸನೆಗೆ ನನಗೆ ಅಲ್ಲಿ ಕೂರಲಾಗಲಿಲ್ಲ.

ನಾನು ಚಿಕ್ಕವನಿದ್ದಾಗ ನಾನೂ ತಂಗಿಯೂ ಒಂದು ಬೆಕ್ಕಿನಮರಿ ಸಾಕಿದ್ದೆವು. ಅದು ಒಳಗೆ ಹೇಸಿಗೆ ಮಾಡಿದರೆ ಮನೆಯಲ್ಲಿ ಇಡುವುದಿಲ್ಲವೆಂದು ನಮ್ಮ ಆಯಿ, ಅಂದರೆ ಅಮ್ಮ, ಮೊದಲೇ ಹೇಳಿದ್ದಳು. ತಂಗಿ ದಿನವೂ ತಗಡಿನ ತಟ್ಟೆಗೆ ಬಚ್ಚಲೊಲೆಯ ತಣ್ಣನೆಯ ಬೂದಿ ತುಂಬಿ, ಮರಿಯ ಮುಂಗಾಲು ಹಿಡಿದು ಕೆರೆಯಲು ಕಲಿಸಿದಳು. ಅದು ಕಲಿತೂ ಇತ್ತು.

ಒಂದು ಮಧ್ಯಾಹ್ನ ಆ ತಟ್ಟೆಯನ್ನು ನಾನು ಎಡವಿ ಚೆಲ್ಲಿದೆ. ಬೈಗುಳಕ್ಕೆ ಹೆದರಿ, ಆಗಷ್ಟೇ ಉರಿದಾರಿದ ಒಲೆಯಿಂದಲೇ ಬೂದಿ ಬಾಚಿ ತುಂಬಿದೆ. ಒಳಗೆ ಕೆಂಡವಿತ್ತು. ಮರಿ ಕೆರೆದು, ಕಿರುಚಿ, ಓಡಿಹೋಗಿ ಅಕ್ಕಿಯ ಕೋಣೆಯಲ್ಲಿ ಹೇಸಿಗೆ ಮಾಡಿತು.

“ಕಾಲು ಸುಟ್ಟೋಜಲ್ಲೋ! ಬಿಸಿ ಬೂದಿ ಹಾಕಿದ್ದು ಯಾರು?” ಎಂದಳು ಆಯಿ.

“ತಂಗಿ” ಎಂದೆ.

“ಸಾಕು ನಿಂಗಳ ಬೆಕ್ಕು ಸಾಕಣೆ!”

ಕುಂಟುವ ಮರಿಯನ್ನು ಅಪ್ಪಯ್ಯ ಗೋಣಿಚೀಲದಲ್ಲಿ ಒಯ್ದು ಬೆಟ್ಟದಲ್ಲಿ ಬಿಟ್ಟುಬಂದ.

ತಂಗಿ ನನ್ನ ಅಂಗಿ ಹಿಡಿದುಕೊಂಡಳು. “ಅಣ್ಣಾ, ಆನು ಹಾಕಿದ ಬೂದಿ ಬಿಸಿ ಇತ್ತಾ? ಯಂಗೆ ಗೊತ್ತೇ ಆಜಿಲ್ಲೆ.”

“ಹೌದು, ಇತ್ತು” ಎಂದೆ.

ಯಲ್ಲಾಪುರದ ಗಂಡನ ಮನೆಯಲ್ಲಿ ಬೆಕ್ಕು ಕಾಲಿಗೆ ಸುತ್ತಿದರೂ ಅವಳು ಮುಟ್ಟುತ್ತಿರಲಿಲ್ಲ. ಹೋದ ವರ್ಷ ತೀರಿಕೊಂಡಳು, ನನ್ನ ತಂಗಿ ಶಾರದೆ.